ಮಂಗಳೂರಿನ ಹಿತ್ತಾಳೆ, ಏಡನ್ನಿನ ಕಾಗದ

ನಮ್ಮ ಊರುಗಳ ಅಂಗಡಿಗಳಲ್ಲಿ ಎರಡು ಬರಹಗಳನ್ನು ನಾವೆಲ್ಲರೂ ಓದಿರುತ್ತೇವೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ 'ಇಂದು ನಗದು, ನಾಳೆ ಸಾಲ' ಎಂದಿರುತ್ತದೆ. ಬಿಲ್ಲಿನ ಕೆಳಗೆ 'ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ' ಎಂದು ಅಚ್ಚಾಗಿರುತ್ತದೆ. ಗಿರಾಕಿಯನ್ನು ನಂಬಲಾರೆ ಎಂದು ಮೊದಲನೆಯದು ಹೇಳಿದರೆ, ನನ್ನ ಮಾಲಿಗೆ ನಾನು ಜವಾಬ್ದಾರನಲ್ಲ ಎಂದು ಎರಡನೆಯದು ಹೇಳುತ್ತದೆ. ಆದರೆ ಅದೇ ಗೋಡೆಯ ಕೆಳಗಿನ ಮೇಜಿನ ಮೇಲೆ ಉದ್ದನೆಯದೊಂದು ಲೆಕ್ಕದ ಪುಸ್ತಕವೂ ಇರುತ್ತದೆ. ಮೇಷ್ಟ್ರು, ಮೀನಿನವಳು, ರಿಕ್ಷಾದವನು, ಪಕ್ಕದ ಬೀದಿಯ ಅಮ್ಮ ಇವರೆಲ್ಲರ ಬಾಕಿ ಅದರಲ್ಲಿ ಬರೆದಿರುತ್ತದೆ. ಬೋರ್ಡಿನ ಮಾತಿನಂತೆ ನಡೆದರೆ ಆ ಅಂಗಡಿ ಒಂದು ತಿಂಗಳೂ ಬಾಳಲಾರದು ಎಂಬುದು ಅಂಗಡಿಯವನಿಗೂ ಗೊತ್ತು.

ವ್ಯಾಪಾರವೆಂದರೆ ಲಾಭಕೋರತನ, ಮೋಸ ಎಂದು ಸುಲಭವಾಗಿ ಹೇಳಿಬಿಡುವುದು ನಮ್ಮಲ್ಲಿ ರೂಢಿ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಷ್ಟು ದೂರದಲ್ಲಿ, ಬೇರೆ ಬೇರೆ ಭಾಷೆ, ಬೇರೆ ಬೇರೆ ಮತದ ಜನ ತಲೆತಲಾಂತರದಿಂದ ಕೊಡು-ಕೊಳ್ಳು ನಡೆಸಿಕೊಂಡು ಬಂದದ್ದು ಹೇಗೆ? ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಅಲ್ಲಿರುವುದು ಯುದ್ಧಗಳ, ದಾನಶಾಸನಗಳ ಸುದ್ದಿ. ವ್ಯಾಪಾರಿ ಬೆಳಗಾಗೆದ್ದು ಏನು ಮಾಡುತ್ತಿದ್ದ, ಗಿರಾಕಿಗೆ ಏನು ಬರೆಯುತ್ತಿದ್ದ, ನಷ್ಟವಾದಾಗ ಏನು ಹೇಳುತ್ತಿದ್ದ ಎಂಬ ವಿವರ ಅಪರೂಪ. ಅದೃಷ್ಟವಶಾತ್ ನಮ್ಮ ಮಂಗಳೂರಿನ ಮಟ್ಟಿಗೆ ಇಂಥ ವಿವರ ಉಳಿದುಬಂದಿದೆ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ವ್ಯಾಪಾರದ ಕಾಗದಗಳು ಅವು. ಆದರೆ ಸಿಕ್ಕಿದ್ದು ಮಂಗಳೂರಿನಲ್ಲಲ್ಲ, ಈಜಿಪ್ಟಿನ ಕೈರೋದಲ್ಲಿ.

ಕೋಣೆಯಲ್ಲಿ ಉಳಿದ ಕಾಗದಗಳು

ಕುರ್‌ಆನಿನ ವಾಕ್ಯಗಳಿರುವ ಹಳೆಯ ಹಾಳೆಗಳನ್ನು ಕಸದ ಬುಟ್ಟಿಗೆ ಎಸೆಯದೆ ಜೋಪಾನವಾಗಿ ತೆಗೆದಿಡುವ, ಹೂಳುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಯಹೂದಿಗಳಲ್ಲೂ ಇಂಥದೇ ಪದ್ಧತಿಯುಂಟು. ದೇವರ ಹೆಸರಿರಬಹುದಾದ ಬರಹವನ್ನು ಅವರು ಎಸೆಯುತ್ತಿರಲಿಲ್ಲ. ಅಂಥ ಕಾಗದಗಳನ್ನು ತುಂಬಿಡುವ ಜಾಗಕ್ಕೆ 'ಗೆನೀಜಾ' ಎಂದು ಹೆಸರು. ಹಳೆಯ ಕೈರೋದ ಫುಸ್ತಾತ್‌ನಲ್ಲಿರುವ ಬೆನ್ ಎಝ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಗೆನೀಜಾದಲ್ಲಿ ಶತಮಾನಗಳ ಕಾಲ ಕಾಗದಗಳು ರಾಶಿಬಿದ್ದಿದ್ದವು. ಧರ್ಮಗ್ರಂಥಗಳ ಹರಕು ಪುಟಗಳೊಂದಿಗೆ ಮದುವೆ ಕರಾರು, ಸಾಲಪತ್ರ, ಅಂಗಡಿ ಲೆಕ್ಕ, ವ್ಯಾಪಾರದ ಪತ್ರಗಳೂ ಅಲ್ಲಿ ಸೇರಿಕೊಂಡಿದ್ದವು. 1896-97ರ ಚಳಿಗಾಲದಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಇದರ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಒಯ್ದರು. ಅಲ್ಲೀಗ 1,90,000ಕ್ಕೂ ಹೆಚ್ಚು ತುಣುಕುಗಳಿವೆ.

ಈ ರಾಶಿಯಿಂದ ಹಿಂದೂ ಮಹಾಸಾಗರದ ವ್ಯಾಪಾರಿಗಳ ಪತ್ರಗಳನ್ನು ಹೆಕ್ಕಿ ಓದಿದವರು ಎಸ್.ಡಿ. ಗೊಯ್ಟೀನ್. ಅವರು ಜೀವಮಾನವಿಡೀ ದುಡಿದ ಈ ಕೆಲಸ, ಅವರು ತೀರಿಕೊಂಡು ಎರಡು ದಶಕಗಳಾದ ಮೇಲೆ, 2008ರಲ್ಲಿ ಮೊರ್ದೆಖಾಯ್ ಫ್ರೀಡ್‌ಮನ್ ಅವರ ಪರಿಶ್ರಮದಿಂದ ದೊಡ್ಡ ಸಂಪುಟವಾಗಿ ಹೊರಬಂತು. ಅದಕ್ಕೂ ಮೊದಲೇ, 1992ರಲ್ಲಿ, ಕಾದಂಬರಿಕಾರ ಅಮಿತಾವ್ ಘೋಷ್ ತಮ್ಮ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿಯಲ್ಲಿ ಈ ಪತ್ರಗಳ ಜಾಡು ಹಿಡಿದು ಮಂಗಳೂರಿಗೆ ಬಂದ ಕಥೆಯನ್ನು ಹೇಳಿದ್ದರು.

ಪತ್ರಗಳ ಮಧ್ಯೆ ಇರುವ ವ್ಯಕ್ತಿಯ ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟ್ಯುನೀಸಿಯಾದ ಮಹ್ದಿಯ್ಯಾ ಊರಿನ ಯಹೂದಿ. ಯೆಮನಿನ ಏಡನ್ ಬಂದರಿನ ಮೂಲಕ ನಮ್ಮ ಕರಾವಳಿಗೆ ಬಂದ ಈತ 1132ರ ಹೊತ್ತಿಗೆ ಇಲ್ಲಿದ್ದ. 1149ರಲ್ಲಿ ಏಡನ್ನಿಗೆ ಮರಳುವವರೆಗೆ ಅವನು ಹೆಚ್ಚಿನ ಕಾಲ ಕಳೆದದ್ದು ಇಲ್ಲಿಯೇ, ಮುಖ್ಯವಾಗಿ ಮಂಗಳೂರಿನಲ್ಲಿ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಅರಬರು ಮಂಗಳೂರನ್ನು ಮಂಜರೂರ್ ಎನ್ನುತ್ತಿದ್ದರು.

ಬೆನ್ ಯಿಜು ಮತ್ತು ಅವನ ಗೆಳೆಯರು ಬರೆದದ್ದು ಅರಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಅರಬಿ ಲಿಪಿಯಲ್ಲಿ ಮಲಯಾಳಂ ಬರೆಯುವ ಅರಬಿ-ಮಲಯಾಳಂ ಬಲ್ಲವರಿಗೆ ಇದು ಅಚ್ಚರಿಯೇನಲ್ಲ. ಈ ಯಹೂದಿಗಳು ದೇವರನ್ನು ಅಲ್ಲಾಹ್ ಎಂದೇ ಬರೆದರು. ಮುಂದಿನ ವರ್ಷದ ಮಾತು ಬಂದರೆ 'ಇನ್‌ಶಾ ಅಲ್ಲಾಹ್' ಎಂದರು. ಆ ಕಾಲದ ವ್ಯಾಪಾರದ ಭಾಷೆಯೇ ಅದಾಗಿತ್ತು.

ಎಂಟು ಮೂಲೆಯ ದೀಪದ ಕಂಬ

ಬೆನ್ ಯಿಜು ಕರಿಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆಗಳನ್ನು ಪಶ್ಚಿಮಕ್ಕೆ ಕಳಿಸುತ್ತಿದ್ದ. ಅದರೊಂದಿಗೆ ಹಿತ್ತಾಳೆ-ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದ. ಏಡನ್ನಿನ ಜನ ತಮ್ಮ ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ತುಂಬಿ ಕಳಿಸುವರು, ಇಲ್ಲಿ ಅದನ್ನು ಕರಗಿಸಿ ಬೇಕಾದ ಆಕಾರಕ್ಕೆ ಎರಕ ಹೊಯ್ದು ಮರಳಿ ಕಳಿಸುವರು. ನಮ್ಮ ಮನೆಗಳಲ್ಲೂ ಹಳೆಯ ಪಾತ್ರೆ ಕೊಟ್ಟು ಹೊಸದು ಮಾಡಿಸಿಕೊಳ್ಳುತ್ತಿದ್ದುದು ಹೀಗೆಯೇ. ನಡುವೆ ಸಮುದ್ರವಿತ್ತು ಎಂಬುದಷ್ಟೇ ವ್ಯತ್ಯಾಸ.

ಏಡನ್ನಿನ ಯೂಸುಫ್ ಇಬ್ನ್ ಅಬ್ರಹಾಂ ಎಂಬ ಗಿರಾಕಿಯ ಪತ್ರವೊಂದರಲ್ಲಿ ದೀಪದ ಕಂಬದ ಬೇಡಿಕೆಯಿದೆ. ಕಂಬ ಎಂಟು ಮೂಲೆಯದಾಗಿರಬೇಕು, ದಪ್ಪಗಿರಬೇಕು. ಪೀಠದ ಕಾಲುಗಳು ಗಟ್ಟಿಯಾಗಿರಬೇಕು. ಮೇಲಿನ ದೀಪಕ್ಕೆ ಎರಡು ಬತ್ತಿ ಹಾಕುವಂತಿರಬೇಕು, ಅದನ್ನು ಮೇಲೆ ಕೆಳಗೆ ಸರಿಸುವಂತಿರಬೇಕು. ಕಂಬ, ಪೀಠ, ದೀಪ ಮೂರನ್ನೂ ಬೇರೆ ಬೇರೆಯಾಗಿ ಬಿಚ್ಚಿಡಲು ಬರಬೇಕು. ಕಾಲುಗಳನ್ನು ಸುರುಳಿಯಾಕಾರದಲ್ಲಿ ಮಾಡಲು ಸಾಧ್ಯವಾದರೆ ಇನ್ನೂ ಚಂದ. ತನ್ನ ಪರಿಚಯದ ಒಬ್ಬ ದಿವಂಗತರು ಇಂಥದೊಂದು ದೀಪ ಮಾಡಿಸಿದ್ದರೆಂದು ನೆನಪಿಸುವುದನ್ನೂ ಆತ ಮರೆಯುವುದಿಲ್ಲ.

ಇಂದು ಆಚಾರಿಯ ಮುಂದೆ ಕುಳಿತು ಕಪಾಟಿನ ಅಳತೆ ಹೇಳುವ ಗಿರಾಕಿಯ ದನಿ ಇದು! ಆದರೆ ಯೂಸುಫ್ ಮಂಗಳೂರಿನ ಕಂಚುಗಾರನ ಎದುರು ಕುಳಿತಿರಲಿಲ್ಲ. ಅವನ ಮಾತು ಮುಂಗಾರಿನ ಗಾಳಿಗೆ ಕಾದು ಹಡಗಿನಲ್ಲಿ ಬರಬೇಕು. ಬೆನ್ ಯಿಜು ಅದನ್ನು ಕಂಚುಗಾರರಿಗೆ ಅವರ ಭಾಷೆಯಲ್ಲಿ ತಿಳಿಹೇಳಬೇಕು. ಪಾತ್ರೆ ಸಿದ್ಧವಾಗಿ ಮುಂದಿನ ಹಂಗಾಮಿನ ಹಡಗಿಗೆ ಹೋಗಬೇಕು. ತಪ್ಪಾದರೆ ತಿದ್ದಿಸಲು ಇನ್ನೊಂದು ವರ್ಷ ಬೇಕು. ಆದ್ದರಿಂದಲೇ ಪತ್ರದಲ್ಲಿ ಅಷ್ಟೊಂದು ವಿವರ. ಸ್ಪಷ್ಟವಾಗಿ ಬರೆಯುವುದು ಆ ವ್ಯಾಪಾರದಲ್ಲಿ ಅರ್ಧ ಪ್ರಾಮಾಣಿಕತೆಯಾಗಿತ್ತು. ಸಾಲದ ವ್ಯವಹಾರ ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡಿ ಎಂದು ಆಜ್ಞಾಪಿಸುವ ವಚನವೇ ಕುರ್‌ಆನಿನ ಅತಿ ಉದ್ದದ ವಚನ (2:282) ಎಂಬುದನ್ನು ಇಲ್ಲಿ ನೆನೆಯಬಹುದು.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಹಿಂದೆ ಕಳಿಸಿದ ಬಟ್ಟಲು ತಲುಪಿತು, ತನ್ನ ಮನಸ್ಸಿನಲ್ಲಿ ಹೇಗಿತ್ತೋ ಹಾಗೆಯೇ ಬಂದಿದೆ ಎಂದು ಯೂಸುಫ್ ಹೇಳುತ್ತಾನೆ. ಇದಕ್ಕೆ ಸರಿಯಾದ ಪ್ರತಿಫಲ ಕೊಡಲು ದೇವರಿಗೆ ಮಾತ್ರ ಸಾಧ್ಯ ಎಂದು ಹರಸುತ್ತಾನೆ. ಸರಿಯಿಲ್ಲದ್ದನ್ನು ದೂರಲು ನಾವು ಸದಾ ಸಿದ್ಧ. ಸರಿಯಾದದ್ದನ್ನು ಸರಿಯಾಗಿದೆ ಎಂದು ಹೇಳಲು ಎಷ್ಟು ಮಂದಿ ಕಾಗದ-ಲೇಖನಿ ಹಿಡಿಯುತ್ತೇವೆ?

ಬರೆಯಲು ಕಾಗದವೂ ಇಲ್ಲಿ ದುರ್ಲಭವಾಗಿತ್ತು. ಈ ನಾಡು ಬರೆಯುತ್ತಿದ್ದುದು ಓಲೆಯ ಮೇಲೆ. ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಗಳ ಜೊತೆ ಒಳ್ಳೆಯ ಕಾಗದವನ್ನೂ ಬೆನ್ ಯಿಜುವಿಗೆ ಉಡುಗೊರೆಯಾಗಿ ಕಳಿಸುತ್ತಿದ್ದರು. ಇವನು ಅಡಿಕೆ, ಬೀಗ, ಹಿತ್ತಾಳೆ ಬಟ್ಟಲುಗಳನ್ನು ಕಳಿಸುತ್ತಿದ್ದ. ಬಂದ ಪತ್ರಗಳ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಆ ಜಿಪುಣತನದಿಂದಲೇ ಇಂದು ನಮಗೆ ಅವನ ಲೆಕ್ಕ ಓದಲು ಸಿಕ್ಕಿದೆ.

ಮುಳುಗಿದ ಹಡಗಿನ ಲೆಕ್ಕ

ಲಾಭ ಬಂದಾಗ ಎಲ್ಲರೂ ಒಳ್ಳೆಯ ಪಾಲುದಾರರೇ. ನಷ್ಟ ಬಂದಾಗ ಮನುಷ್ಯರ ಗುಣ ತಿಳಿಯುತ್ತದೆ. ಆ ಕಾಲದಲ್ಲಿ ರಾಮಿಶ್ತ್ ಎಂಬ ಮುಸ್ಲಿಂ ಹಡಗು ಮಾಲೀಕನಿದ್ದ. ಇರಾನಿನ ಕರಾವಳಿಯ ಸೀರಾಫ್ ಊರಿನವನು. ಮಕ್ಕಾದಲ್ಲಿ ಯಾತ್ರಿಕರಿಗೆ ವಸತಿಗೃಹ ಕಟ್ಟಿಸಿದ, ಕಅಬಾಕ್ಕೆ ಚೀನಾದ ಬಟ್ಟೆಯ ಹೊದಿಕೆ ಹೊದಿಸಿದ ಶ್ರೀಮಂತ. ಯಹೂದಿಗಳ ಸರಕು ಅವನ ಹಡಗುಗಳಲ್ಲಿ ಹೋಗುತ್ತಿತ್ತು. ಒಮ್ಮೆ ಬೆನ್ ಯಿಜು ಯೂಸುಫನ ರೇಷ್ಮೆ ಮಾರಿ, ಬಂದ ಹಣಕ್ಕೆ ಸರಕು ಕೊಂಡು ರಾಮಿಶ್ತನ ಹಡಗುಗಳಲ್ಲಿ ಕಳಿಸಿದ. ಅವನ ಎರಡು ಹಡಗುಗಳು ಪೂರ್ತಿ ನಾಶವಾದವು. ಯೂಸುಫ್ ಏನು ಬರೆದ ಗೊತ್ತೇ? ತನ್ನ ನಷ್ಟಕ್ಕಿಂತ ನಿನ್ನ ಸರಕು ಹೋದದ್ದಕ್ಕೆ ನನಗಾದ ದುಃಖವನ್ನು ಕೇಳಬೇಡ, ದೇವರ ತೀರ್ಮಾನದ ಎದುರು ನಮ್ಮ ಉಪಾಯ ನಡೆಯದು ಎಂಬರ್ಥದ ಮಾತು. 'ಆ ಹಡಗಿನಲ್ಲಿ ಯಾಕೆ ಕಳಿಸಿದೆ?' ಎಂಬ ಪ್ರಶ್ನೆ ಅಲ್ಲಿಲ್ಲ.

ಇನ್ನೊಂದು ಹಡಗು ಏಡನ್ ಸಮೀಪದ ಸಮುದ್ರದಲ್ಲಿ ಒಡೆಯಿತು. ಮೆಣಸೆಲ್ಲ ನೀರುಪಾಲಾಯಿತು. ಆದರೆ ಕಬ್ಬಿಣ ತಳದಲ್ಲಿತ್ತು. ಏಡನ್ನಿನಿಂದ ನುರಿತ ಮುಳುಗುಗಾರರನ್ನು ಕರೆಸಿ ಅದರಲ್ಲೊಂದು ಭಾಗವನ್ನು ಮೇಲೆತ್ತಿಸಿದರು. ಎಷ್ಟು ಸಿಕ್ಕಿತು, ಮುಳುಗುಗಾರರಿಗೆ ಖರ್ಚೆಷ್ಟು, ನಿನ್ನ ಪಾಲಿಗೆ ಉಳಿಯುವುದೇನು ಎಂಬ ಲೆಕ್ಕ ಮಂಗಳೂರಿಗೆ ಬಂತು. ಎಲ್ಲವೂ ಮುಳುಗಿತು ಎಂದು ಒಂದು ಸಾಲು ಬರೆದು ಸುಮ್ಮನಾಗಿದ್ದರೆ ಇಲ್ಲಿ ಕುಳಿತ ಬೆನ್ ಯಿಜುವಿಗೆ ಗೊತ್ತಾಗುವ ಸಂಭವವೇ ಕಡಿಮೆಯಿತ್ತು.

ಇವರನ್ನು ಹೀಗೆ ನಡೆಸಿದ್ದು ಯಾವುದು? ಹೆಚ್ಚಿನ ಕೆಲಸಕ್ಕೆ ಇವರು ಪರಸ್ಪರ ಕಮಿಷನ್ ಪಡೆಯುತ್ತಿರಲಿಲ್ಲ. ನನ್ನ ಸರಕನ್ನು ನೀನು ಅಲ್ಲಿ ಮಾರು, ನಿನ್ನದನ್ನು ನಾನು ಇಲ್ಲಿ ಮಾರುತ್ತೇನೆ. ಇದನ್ನವರು 'ಸುಹ್‌ಬತ್' ಎಂದರು. ಸಹವಾಸ, ಒಡನಾಟ ಎಂದರ್ಥ. ಪ್ರವಾದಿಯವರ ಸಂಗಾತಿಗಳನ್ನು ಸಹಾಬಿಗಳು ಎನ್ನುತ್ತೇವಲ್ಲ, ಅದೇ ಮೂಲದ ಪದ. ಇದಲ್ಲದೆ ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ ಸೇರುವ 'ಕಿರಾದ್' ಎಂಬ ಪಾಲುಗಾರಿಕೆಯೂ ಇತ್ತು. ನಷ್ಟವಾದರೆ ಬಂಡವಾಳ ಹಾಕಿದವನ ಹಣ ಹೋಗುತ್ತದೆ, ದುಡಿದವನ ಶ್ರಮ ಹೋಗುತ್ತದೆ. ದುಡಿದವನ ತಲೆಯ ಮೇಲೆ ಸಾಲ ಹೊರಿಸುವಂತಿಲ್ಲ. ಖದೀಜಾರ ಬಂಡವಾಳದಲ್ಲಿ ಪ್ರವಾದಿಯವರು(ಸ) ವ್ಯಾಪಾರ ಮಾಡಿದ್ದನ್ನು ಮುಸ್ಲಿಮರು ಇದಕ್ಕೆ ಮಾದರಿಯಾಗಿ ಹೇಳುತ್ತಾರೆ. ಯಹೂದಿ ವ್ಯಾಪಾರಿಗಳು ತಮ್ಮ ಧರ್ಮಶಾಸ್ತ್ರದಲ್ಲಿ ಬೇರೆ ಕ್ರಮವಿದ್ದರೂ ಮುಸ್ಲಿಮರ ಈ ಕ್ರಮವನ್ನು ಧಾರಾಳವಾಗಿ ಬಳಸಿದರು. ಒಳ್ಳೆಯ ವ್ಯವಸ್ಥೆಯೊಂದು ಕಂಡಾಗ ಅದು ಯಾರದೆಂದು ಅವರು ಮುಖ ತಿರುಗಿಸಲಿಲ್ಲ.

ಏಡನ್ನಿನ ವರ್ತಕರ ಪ್ರತಿನಿಧಿಯಾಗಿದ್ದ ಮದ್‌ಮೂನ್ ಬರೆದ ಪತ್ರವೊಂದರಲ್ಲಿ ಮಂಗಳೂರಿನ ಇತರ ವ್ಯಾಪಾರಿಗಳ ಹೆಸರೂ ಬರುತ್ತದೆ. ಅದರಲ್ಲೊಂದನ್ನು ನಾವು ಸೆಟ್ಟಿ ಎಂದು ಓದಬಹುದು. ಇಸ್‌ಹಾಕ್ ಎಂಬ ಬನಿಯನೊಬ್ಬನೂ ಇದ್ದಾನೆ. ಏಡನ್ನಿನಲ್ಲಿ ಕಬ್ಬಿಣ ಮುಗಿದಿದೆ, ಮೆಣಸಿಗೆ ಬೆಲೆ ಬರಲಿದೆ, ಬೇಗ ಹಡಗು ಕಳಿಸಿದರೆ ಅವರಿಗೂ ಒಳ್ಳೆಯದು ಎಂದು ಅವರಿಗೆ ತಿಳಿಸು ಎಂಬುದು ಮದ್‌ಮೂನನ ಕೋರಿಕೆ. ಬೇಕಾದರೆ ತಾನೂ ಪಾಲು ಹಾಕುವೆನೆಂದು ಹೇಳುತ್ತಾನೆ. ಮಾರುಕಟ್ಟೆಯ ಗುಟ್ಟನ್ನು ತನ್ನ ಮತದವನಿಗೆ ಮಾತ್ರ ಹೇಳಿ ಮುಗಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ.

ಬೊಮ್ಮನಿಗೆ ಸಲಾಮು

ಈ ಪತ್ರಗಳಲ್ಲಿ ನಮ್ಮ ನಾಡಿನ ಒಬ್ಬ ದುಡಿಮೆಗಾರನಿದ್ದಾನೆ. ಬೆನ್ ಯಿಜುವಿನ ಗುಲಾಮನಾಗಿದ್ದ ಅವನ ಹೆಸರನ್ನು ಮೊದಲು 'ಬಾಮಾ' ಎಂದು ಓದಲಾಗಿತ್ತು. ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ.ಎ. ವಿವೇಕ ರೈ ಅವರಲ್ಲಿ ವಿಚಾರಿಸಿದ ಮೇಲೆ ಅದು 'ಬೊಮ್ಮ' ಇರಬೇಕೆಂದು ತಿಳಿಯಿತು. ಬೊಮ್ಮ ಬರೀ ಮನೆಯಾಳಲ್ಲ. ಯಜಮಾನನ ಸರಕಿನೊಂದಿಗೆ ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದವನು. ಒಮ್ಮೆ ಅಲ್ಲಿ ಕುಡಿದು, ಖರ್ಚಿಗೆ ಸಾಲದೆಂದು ಮದ್‌ಮೂನನಿಂದ ಹೆಚ್ಚು ಹಣ ವಸೂಲು ಮಾಡಿದ್ದರ ದೂರೂ ಮಂಗಳೂರಿಗೆ ಬಂದಿದೆ! ಏಡನ್ನಿನ ಖಲಫ್ 1148ರಲ್ಲಿ ಬರೆದ ಪತ್ರದಲ್ಲಿ ಬೊಮ್ಮನಿಗೆ ಪ್ರತ್ಯೇಕವಾಗಿ ಸಲಾಮು ಹೇಳಿದ್ದಾನೆ. ಕ್ರಮೇಣ ಪತ್ರಗಳಲ್ಲಿ ಅವನ ಹೆಸರಿನ ಹಿಂದೆ 'ಶೇಖ್' ಎಂಬ ಗೌರವವೂ ಸೇರಿಕೊಂಡಿತು.

ಇದನ್ನು ಓದಿ ಗುಲಾಮಗಿರಿಯೇ ಸಿಹಿಯಾಗಿತ್ತು ಎಂದುಕೊಳ್ಳಬೇಕಾಗಿಲ್ಲ. ಮನುಷ್ಯನನ್ನು ಕೊಳ್ಳುವ ಮಾರುವ ಕಾಲ ಅದು. 1132ರ ಅಕ್ಟೋಬರಿನಲ್ಲಿ ಬೆನ್ ಯಿಜು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಊಹಿಸುತ್ತಾರೆ. ಆದರೆ ಆಕೆಯ ಒಂದು ಮಾತೂ ಈ ಕಾಗದಗಳಲ್ಲಿ ಉಳಿದಿಲ್ಲ. ಎಂಟು ಮೂಲೆಯ ಕಂಬವನ್ನು ನಿಜವಾಗಿ ಎರಕ ಹೊಯ್ದ, ಕುಲುಮೆಯ ಹೊಗೆ ಕುಡಿದ ಕಂಚುಗಾರರ ಬಗ್ಗೆಯೂ ಪತ್ರಗಳು ಹೇಳುವುದು ಬಹಳ ಕಡಿಮೆ. ವ್ಯಾಪಾರದ ಚರಿತ್ರೆಯೆಂದರೆ ಬರೆಯಬಲ್ಲವರ ಚರಿತ್ರೆ. ಈ ಮಿತಿಯನ್ನು ನಾವು ಮರೆಯಬಾರದು. ಆದರೂ ಯಜಮಾನನಿಗೆ ಬರೆದ ಪತ್ರದಲ್ಲಿ ಕೆಲಸದವನ ಹೆಸರು ಹಿಡಿದು ಸಲಾಮು ಹೇಳಿದ್ದರಿಂದಲೇ ಬೊಮ್ಮ ಒಂಬೈನೂರು ವರ್ಷ ಉಳಿದ. ಇಂದು ಮನೆಬಾಗಿಲಿಗೆ ಊಟ ತಂದುಕೊಡುವ ಹುಡುಗನ ಹೆಸರು ನಮ್ಮ ಮೊಬೈಲಿನ ಪರದೆಯ ಮೇಲೆ ಮೂಡುತ್ತದೆ. ಎಷ್ಟು ಮಂದಿ ಆ ಹೆಸರಿನಿಂದ ಅವನನ್ನು ಮಾತಾಡಿಸುತ್ತೇವೆ?

ಏಲಕ್ಕಿಯ ಬಾಕಿ ಮತ್ತು ಬಹಿಷ್ಕಾರ

ಎಲ್ಲವೂ ನೆಟ್ಟಗೆ ನಡೆಯಿತೆಂದೇನೂ ಇಲ್ಲ. ಪತ್ರಗಳಲ್ಲಿ 'ಕಾರ್ದಾರ್' ಎಂದು ಕರೆಯಲಾಗುವ ಇಲ್ಲಿನ ಮಧ್ಯವರ್ತಿಯೊಬ್ಬ ಏಲಕ್ಕಿಗೆಂದು ಮುಂಗಡ ಹಣ ಪಡೆದು ಏಲಕ್ಕಿ ಕೊಡಲಿಲ್ಲ. ಆ ಹಣದಲ್ಲಿ ಏಡನ್ನಿನ ಪಾಲುದಾರರದೂ ಇತ್ತು. ಪತ್ರದಿಂದ ಪತ್ರಕ್ಕೆ ಈ ಬಾಕಿಯ ಮಾತು ಬರುತ್ತಲೇ ಇರುತ್ತದೆ. ಬೆನ್ ಯಿಜು ನಯವಾಗಿಯೇ ಕೇಳಿ ನೋಡಿದ. ಕೊನೆಗೆ ಏಡನ್ನಿನವರು ಒಂದು ಉಪಾಯ ಹೇಳಿಕೊಟ್ಟರು. ಮಾತಿನಂತೆ ನಡೆಯದ ಸಾಲಗಾರರಿಗೆ ಇಲ್ಲಿ ಬಹಿಷ್ಕಾರ ಹಾಕುತ್ತೇವೆ, ನಿನಗೂ ಹಾಕಿ ಅದರ ಪತ್ರ ಕಳಿಸುತ್ತೇವೆ ಎಂದು ಅವನನ್ನು ಹೆದರಿಸು.

ಏಡನ್ನಿನ ಯಹೂದಿಗಳ ಬಹಿಷ್ಕಾರದಿಂದ ಮಂಗಳೂರಿನವನೊಬ್ಬನಿಗೆ ಆಗುವುದೇನು ಎಂದು ನಗು ಬರಬಹುದು. ಆದರೆ ಬಂದರಿನಿಂದ ಬಂದರಿಗೆ ಸುದ್ದಿ ಹೋಗುತ್ತಿದ್ದ ಕಾಲದಲ್ಲಿ ಹೆಸರು ಕೆಟ್ಟರೆ ಮುಂದಿನ ವರ್ಷ ಮುಂಗಡ ಕೊಡುವವರು ಸಿಗುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಕಾರ್ದಾರನಿಗೆ ಬಹಿಷ್ಕಾರದ ಬೆದರಿಕೆ ಬಂದದ್ದು ಅವನು ಮಾಡಿದ ಕೆಲಸಕ್ಕಾಗಿ. ಹಣ ಪಡೆದು ಸರಕು ಕೊಡದಿದ್ದಕ್ಕಾಗಿ. ಅವನ ಜಾತಿ ಮತ ಯಾವುದೆಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಅವನೊಬ್ಬ ಕೊಡಲಿಲ್ಲವೆಂದು ಇಲ್ಲಿನ ಉಳಿದ ವ್ಯಾಪಾರಿಗಳ ಜೊತೆ ವ್ಯವಹಾರವೂ ನಿಲ್ಲಲಿಲ್ಲ.

ಇದೇ ಕರಾವಳಿಯಲ್ಲಿ 2022ರ ಮಾರ್ಚ್‌ನಲ್ಲಿ 'ಬಹಿಷ್ಕಾರ' ಎಂಬ ಪದ ಬೇರೆ ಅರ್ಥದಲ್ಲಿ ಕೇಳಿಬಂತು. ಹಿಜಾಬ್ ಕುರಿತ ಹೈಕೋರ್ಟ್ ತೀರ್ಪಿನ ವಿರುದ್ಧ ಮುಸ್ಲಿಂ ವ್ಯಾಪಾರಿಗಳು ಒಂದು ದಿನ ಅಂಗಡಿ ಮುಚ್ಚಿದರೆಂಬ ಕಾರಣ ಮುಂದಿಟ್ಟು ಜಾತ್ರೆಗಳಲ್ಲಿ ಅವರಿಗೆ ಅಂಗಡಿ ಹಾಕಲು ಬಿಡಬಾರದೆಂಬ ಒತ್ತಾಯ ಎದ್ದಿತು. ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಅವರಿಗೆ ಜಾಗ ಸಿಗಲಿಲ್ಲ. ದೇವಸ್ಥಾನದ ಸಮೀಪದ ಸ್ಥಳವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲವೆಂಬ 2002ರ ನಿಯಮವನ್ನು ಅಂದಿನ ಸರ್ಕಾರ ವಿಧಾನಸಭೆಯಲ್ಲಿ ತೋರಿಸಿತು. ಮೂಲ್ಕಿಯ ಬಪ್ಪನಾಡಿನಲ್ಲೂ ಬ್ಯಾನರ್ ಕಟ್ಟಲಾಯಿತು. ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲಿ ಇರುವವನೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ. ಶಾಂಭವಿ ನದಿಯಲ್ಲಿ ಅವನ ಹಡಗು ನಿಂತಿತೆಂದೂ ದೇವಸ್ಥಾನ ಕಟ್ಟಲು ಅವನೇ ಕಾರಣನಾದನೆಂದೂ ಜನ ನಂಬಿಕೊಂಡು ಬಂದಿದ್ದಾರೆ. ಅವನ ವಂಶದವರಿಗೆ ಪ್ರಸಾದ ಕೊಡುವ ಸಂಪ್ರದಾಯವೂ ಅಲ್ಲಿದೆ. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಪದದಿಂದ ಬಂತೆಂಬ ಅಭಿಪ್ರಾಯವುಂಟು.

ಆ ಜಾತ್ರೆಗಳಲ್ಲಿ ಬಳೆ, ಆಟಿಕೆ, ಐಸ್‌ಕ್ರೀಂ ಮಾರುವವರು ಯಾರ ಮುಂಗಡವನ್ನು ನುಂಗಿದ್ದರು? ತೂಕದಲ್ಲಿ ಯಾರಿಗೆ ಮೋಸ ಮಾಡಿದ್ದರು? ಒಬ್ಬ ಮೋಸ ಮಾಡಿದರೆ ಅವನ ಹೆಸರು ಹಿಡಿದು ದೂರಬೇಕು, ಕಾನೂನಿನ ಮುಂದೆ ನಿಲ್ಲಿಸಬೇಕು. ತೂಕದಲ್ಲಿ ವಂಚಿಸುವವರ ಮೇಲೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ (83) ಇದೆ. ಅದು ಮೊದಲು ಅನ್ವಯಿಸುವುದು ಅದನ್ನು ಓದುವ ನಮಗೇ. 'ನಮ್ಮವರ ಅಂಗಡಿಗೇ ಹೋಗಿ' ಎಂಬ ಪಿಸುಮಾತು ನಮ್ಮ ಕೇರಿಗಳಲ್ಲೂ ಇಲ್ಲವೆಂದಲ್ಲ. ದನಿ ಸಣ್ಣದಿದ್ದರೂ ಅದು ಅದೇ ರೋಗ.

ಹಳೆಯ ಕಾಲ ಸ್ವರ್ಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಬೆನ್ ಯಿಜು ಹೋದ ಸುಮಾರು ಇನ್ನೂರು ವರ್ಷಗಳ ಮೇಲೆ, 1340ರ ದಶಕದಲ್ಲಿ, ಇಬ್ನ್ ಬತೂತಾ ಮಂಗಳೂರಿಗೆ ಬಂದ. ಊರ ಹೊರವಲಯದಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ, ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತದೆ, ಆದರೆ ವರ್ತಕರು ಬೇಕಾದ್ದರಿಂದ ರಾಜ ರಾಜಿ ಮಾಡಿಸುತ್ತಾನೆ ಎಂದು ಆತ ಬರೆದಿದ್ದಾನೆ. ಅಂದರೆ ಜಗಳ ಅಂದೂ ಇತ್ತು. ಅದನ್ನು ನಿಲ್ಲಿಸುವುದು ತನ್ನ ಕೆಲಸವೆಂದು ಆಳುವವನಿಗೆ ಗೊತ್ತಿತ್ತು ಅಷ್ಟೆ. ಬಂದರು ಬರಿದಾದರೆ ತನ್ನ ಬೊಕ್ಕಸವೂ ಬರಿದಾಗುತ್ತದೆ ಎಂಬ ಸ್ವಾರ್ಥವೇ ಅದಕ್ಕೆ ಕಾರಣವಾಗಿದ್ದಿರಬಹುದು. ಆ ಸ್ವಾರ್ಥವಾದರೂ ಇಂದಿನ ಆಳುವವರಿಗೆ ಇರಬಾರದೇ?

ನಂಬಿಕೆ ಎಂಬುದು ಭಾಷಣದಿಂದ ಹುಟ್ಟುವುದಿಲ್ಲ. ಅಳತೆ ಸರಿಯಾಗಿ ಹೇಳುವುದು, ಲೆಕ್ಕ ಬರೆದಿಡುವುದು, ಮುಳುಗಿದ ಸರಕಿನಲ್ಲೂ ಪಾಲುದಾರನ ಪಾಲನ್ನು ಹುಡುಕಿ ತೆಗೆಯುವುದು, ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನುವುದು, ಆಳಿಗೂ ಸಲಾಮು ಹೇಳುವುದು, ಇಂಥ ಚಿಕ್ಕ ಚಿಕ್ಕ ಅಭ್ಯಾಸಗಳಿಂದ ಅದು ವರ್ಷ ವರ್ಷ ಕೂಡಿಬರುತ್ತದೆ. ಕಟ್ಟಲು ತಲೆಮಾರುಗಳು ಬೇಕು, ಕೆಡಿಸಲು ಒಂದು ಬ್ಯಾನರ್ ಸಾಕು. ಬ್ಯಾನರ್ ಕಟ್ಟಿದವರು ಆ ವಾರದ ಜಾತ್ರೆಯಷ್ಟನ್ನೇ ಎಣಿಸಿದ್ದರು. ಅದರ ನಷ್ಟವನ್ನು ಈ ಕರಾವಳಿ ಎಷ್ಟು ವರ್ಷ ತುಂಬಿಕೊಡಬೇಕಾಗುತ್ತದೋ, ಆ ಬಾಕಿ ಇನ್ನೂ ಪುಸ್ತಕದಲ್ಲಿ ಹಾಗೆಯೇ ಇದೆ.